ಹಿರಿಯ ಮಗನಿಗೆ ಶಾಸ್ತ್ರ ಹೇಳಿದ ಹೆಚ್ಚಿನ ಪಾಲನ್ನು ಇಂದಿನ ವಾಟ್ನಿಯಲ್ಲಿ (ಆಸ್ತಿ ಹಂಚಿಕೆಯಲ್ಲಿ) ಹಾಗೆಯೇ ಕೇಳಬಹುದೇ?

ಅಪ್ಪ ತೀರಿಕೊಂಡಿದ್ದಾರೆ, ನೀವು ಹಿರಿಯ ಮಗ, ಕೈಯಲ್ಲಿ ಮನುಸ್ಮೃತಿಯ ಶ್ಲೋಕ ಇದೆ, ತಮ್ಮಂದಿರು ಒಪ್ಪುತ್ತಿಲ್ಲ, ಶಾಸ್ತ್ರ ಪಾಲಿಸಬೇಕೋ ಕಾಯ್ದೆ ಪಾಲಿಸಬೇಕೋ ಎಂದು ಬರೆದು ಕೇಳಿದ್ದೀರಿ. ಇಷ್ಟೇ ತಾನೆ? 2006ರಲ್ಲಿ ನಾನೂ ಇದೇ ಶ್ಲೋಕ ಹಿಡಿದುಕೊಂಡು ಕೂತಿದ್ದೆ. ಒಂಬತ್ತನೇ ಅಧ್ಯಾಯ, 112. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.

ನಮ್ಮದು ಜಮಖಂಡಿ ತಾಲೂಕಿನಲ್ಲಿ ಕೃಷ್ಣಾ ದಂಡೆಯ ಒಂದು ಹಳ್ಳಿ. ಪಿತ್ರಾರ್ಜಿತ ಹೊಲ 20 ಎಕರೆ. ನಾವು ಮೂವರು ಅಣ್ಣತಮ್ಮಂದಿರು, ಒಬ್ಬ ತಂಗಿ. ಅವ್ವ ಮೊದಲೇ ಹೋಗಿದ್ದಳು, ಅಪ್ಪ ಹೋದದ್ದು 2005ರ ಜನವರಿಯಲ್ಲಿ. ಆ ಹದಿಮೂರು ದಿನ ಮನೆಯಲ್ಲಿ ಗರುಡಪುರಾಣ ಓದಿಸಿದೆವು. ನನಗೆ ಹುಚ್ಚು ಹತ್ತಿದ್ದು ಅಲ್ಲಿಂದ. ಆಮೇಲೆ ಧರ್ಮಸಿಂಧು, ಆಮೇಲೆ ಮನುಸ್ಮೃತಿಯ ಕನ್ನಡ ಅನುವಾದ. ಬಾಗಲಕೋಟೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ ನೋಡಿ, ಓದಿದ್ದನ್ನು ನಾಲ್ಕು ಮಂದಿಗೆ ಹೇಳದಿದ್ದರೆ ಊಟ ಸೇರುತ್ತಿರಲಿಲ್ಲ.

ಶ್ಲೋಕ ಹೇಳುವುದು ಇದು: ಒಟ್ಟು ಆಸ್ತಿಯಲ್ಲಿ ಇಪ್ಪತ್ತನೇ ಒಂದು ಭಾಗ ಮತ್ತು ಇದ್ದುದರಲ್ಲಿ ಉತ್ತಮವಾದದ್ದು ಹಿರಿಯನಿಗೆ. ಅದರ ಅರ್ಧ ನಡುವಿನವನಿಗೆ, ಕಾಲುಭಾಗ ಕಿರಿಯನಿಗೆ. ಉಳಿದದ್ದು ಸಮಪಾಲು. ಇದಕ್ಕೆ ಉದ್ಧಾರ ಎಂದು ಹೆಸರು. ನಾನು ಶಾಲೆಯ ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿದೆ. ನನಗೆ ಮೊದಲು 1 ಎಕರೆ, ನಡುವಿನ ತಮ್ಮನಿಗೆ 20 ಗುಂಟೆ, ಸಣ್ಣವನಿಗೆ 10 ಗುಂಟೆ. ಉಳಿದ 18 ಎಕರೆ 10 ಗುಂಟೆಯಲ್ಲಿ ತಲೆಗೆ 6 ಎಕರೆ 3 ಗುಂಟೆ. ಅಂದರೆ ನನಗೆ 7 ಎಕರೆ 3 ಗುಂಟೆ. ಮೂವರೂ ಸಮ ಹಂಚಿಕೊಂಡಿದ್ದರೆ 6 ಎಕರೆ 26 ಗುಂಟೆ ಚಿಲ್ಲರೆ ಬರುತ್ತಿತ್ತು. ವ್ಯತ್ಯಾಸ ಸುಮಾರು 17 ಗುಂಟೆ. ಆ 17 ಗುಂಟೆಗಾಗಿ ನಾನು 15 ವರ್ಷ ಕಳೆದೆ. ಸುಳ್ಳೇಕೆ ಹೇಳಲಿ, ನನ್ನ ಕಣ್ಣು ಇದ್ದದ್ದು ಗುಂಟೆಯ ಮೇಲಲ್ಲ, ‘ಉತ್ತಮವಾದದ್ದು’ ಅನ್ನುವ ಶಬ್ದದ ಮೇಲೆ. ನಮ್ಮಲ್ಲಿ ಉತ್ತಮವಾದದ್ದು ಅಂದರೆ ಬಾವಿ ಇರುವ ಹೊಲ.

ಅಪ್ಪನ ವರ್ಷಾಂತಿಕ ಮುಗಿದ ಮಾರನೇ ದಿನ ಪಡಸಾಲೆಯಲ್ಲಿ ಕಾಕಾ, ಊರಿನ ನಾಲ್ಕು ಹಿರಿಯರು, ನಾವೆಲ್ಲ ಕೂತೆವು. ನಾನು ಪುಸ್ತಕ ತೆಗೆದೆ. ಸಣ್ಣ ತಮ್ಮ ಅದನ್ನು ಕಸಿದುಕೊಂಡು ಹತ್ತನೇ ಅಧ್ಯಾಯ ತೆರೆದ. ‘ಹಾಲು ಮಾರಿದ ಬ್ರಾಹ್ಮಣ ಮೂರು ದಿನದಾಗ ಶೂದ್ರ ಆಗ್ತಾನ ಅಂತ ಬರದಾರ. ನಮ್ಮನ್ಯಾಗ ದಿನಾ ಎರಡು ಹೊತ್ತು ಡೇರಿಗೆ ಹಾಲು ಹೋಗ್ತದ. ಬೇಸಾಯಾನೂ ಸಜ್ಜನರು ನಿಂದಿಸಿದ ಕೆಲಸ ಅಂತ ಇಲ್ಲೇ ಅದ. ಮತ್ತ ಹೊಲಾ ಯಾಕ ಬೇಕಣ್ಣಾ?’ ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. ಅದು ಆಪದ್ಧರ್ಮ, ಕಷ್ಟಕಾಲಕ್ಕೆ ಹೇಳಿದ ಮಾತು, ನಿನಗೆ ತಿಳಿಯುವುದಿಲ್ಲ ಎಂದೆ. ನನಗೆ ಬೇಕಾದ ಶ್ಲೋಕ ಧರ್ಮ, ಬೇಡವಾದದ್ದಕ್ಕೆ ಆಪದ್ಧರ್ಮ!

ಇಷ್ಟಾದರೂ ಮನೆ ಒಡೆದಿರಲಿಲ್ಲ. ಬಾವಿ ಹೊಲ ಅಣ್ಣನೇ ಇಟ್ಟುಕೊಳ್ಳಲಿ ಎಂದು ನಡುವಿನವನು ಅಂದೂ ಆಗಿತ್ತು. ನಾನು ತಪ್ಪು ಮಾಡಿದ್ದು ಆಮೇಲೆ. ಜನ ನನ್ನ ಕಥೆ ಕೇಳಿ ಹೆಚ್ಚಿನ ಪಾಲು ಕೇಳಿದ್ದೇ ತಪ್ಪು ಅಂದುಕೊಳ್ಳುತ್ತಾರೆ. ಅಲ್ಲ. ಕೇಳಿದರೆ ಇಲ್ಲ ಅನ್ನುತ್ತಾರೆ, ಜಗಳ ಆಗುತ್ತದೆ, ಎರಡು ದೀಪಾವಳಿ ಹೋದರೆ ಮತ್ತೆ ಮಾತಾಡುತ್ತಾರೆ. ತಂಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕಾಕಾ ಅವಳನ್ನು ನೋಡಿ ‘ಇಕೀದೊಂದು ಸಹಿ ಬೇಕಾಗ್ತದ’ ಅಂದರು. ನಾನು, ಪುಸ್ತಕದಿಂದ ತಲೆ ಕೂಡ ಎತ್ತದೆ, ‘ಪಾಲು ಹೇಳಿದ್ದು ಕನ್ಯೆಗೆ. ಹೊರಗ ಕೊಟ್ಟಾಕಿಗೆ ಶಾಸ್ತ್ರದಾಗ ಏನೂ ಇಲ್ಲ. ಆಕಿ ಸಹಿ ಬೇಕಾಗೇ ಇಲ್ಲ’ ಅಂದೆ.

‘ಬೇಕಾಗೇ ಇಲ್ಲೇನಣ್ಣಾ?’ ಎಂದಳು. ನಾನು ಇಲ್ಲ ಎಂದೆ. ಮಧ್ಯಾಹ್ನದ ಊಟಕ್ಕೆ ನಿಲ್ಲದೆ ಬಸ್ಸು ಹತ್ತಿ ಹೋದಳು.

ಅವಳು ಬಂದದ್ದೇ ಹಕ್ಕು ಬಿಟ್ಟುಕೊಡಲು. ಜಮಖಂಡಿಯಲ್ಲಿ ಇಳಿದು ಪಾಸ್‌ಪೋರ್ಟ್ ಸೈಜಿನ ಎರಡು ಫೋಟೊ ತೆಗೆಸಿಕೊಂಡು, ಪರ್ಸಿನಲ್ಲಿಟ್ಟುಕೊಂಡು ಬಂದಿದ್ದಳು. ಇದು ನನಗೆ ಗೊತ್ತಾದದ್ದು 2021ರಲ್ಲಿ, ಅವಳ ಗಂಡನ ಬಾಯಿಂದ. ಸಹಿ ಕೊಡಮ್ಮ ಎಂದಿದ್ದರೆ ಕೊಡುತ್ತಿದ್ದಳು. ಹಾಗೆ ಕೇಳಿ ಬರೆಸಿಕೊಳ್ಳುವುದೂ ಸರಿಯಲ್ಲ ಎಂದು ಈಗ ಅನ್ನಿಸುತ್ತದೆ, ಆ ಮಾತು ಬೇರೆ. ಆದರೆ ನಾನು ಕೇಳಲೇ ಇಲ್ಲ. ಕೊಡಲು ನಿನ್ನ ಹತ್ತಿರ ಏನೂ ಇಲ್ಲ ಎಂದು ಹಿರಿಯರ ಮುಂದೆ ಹೇಳಿದೆ. ಪಾಲು ಕೊಡದೆ ಇರುವುದು ಒಂದು, ಅವಳು ಬಿಟ್ಟುಕೊಡುವ ದೊಡ್ಡತನವನ್ನೂ ಕಸಿದುಕೊಳ್ಳುವುದು ಇನ್ನೊಂದು. ಎರಡನೆಯದನ್ನು ಯಾವ ತಂಗಿಯೂ ಮರೆಯುವುದಿಲ್ಲ. ಅದೇ ಅಧ್ಯಾಯದ 118ನೇ ಶ್ಲೋಕವನ್ನೇ ನಾನು ಅರ್ಧ ಹೇಳಿದ್ದು. ಅಣ್ಣತಮ್ಮಂದಿರು ಕನ್ಯೆಯರಿಗೆ ತಮ್ಮ ಪಾಲಿನಿಂದ ಕಾಲುಭಾಗ ಕೊಡಬೇಕು, ಕೊಡದವರು ಪತಿತರು ಅಂತ ಇದೆ. ಪತಿತರು ಅನ್ನುವಲ್ಲಿಗೆ ಬಂದಾಗ ಪುಸ್ತಕ ಮುಚ್ಚಿದ್ದೆ.

2007ರಲ್ಲಿ ತಂಗಿ ಹೂಡಿದ ದಾವೆಯ ನೋಟೀಸು ಕೋರ್ಟಿನಿಂದ ಬಂತು. ನಮ್ಮ ವಕೀಲರು ಸಂಸ್ಕೃತ ಬಲ್ಲ ಹಿರಿಯರು. ನಮ್ಮದು ಮಿತಾಕ್ಷರ ಮನೆತನ ಸಾಹೇಬರ, ಶಾಸ್ತ್ರ ನಮ್ಮ ಕಡೆ ಅದ ಎಂದೆ. ‘ಮಿತಾಕ್ಷರ ಓದೀರೇನು ಮಾಸ್ತರ?’ ಎಂದು ಕಪಾಟಿನಿಂದ ತೆಗೆದರು. ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ, ಅಂದರೆ ಇವತ್ತಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯಸ್ಮೃತಿಗೆ ಬರೆದ ವ್ಯಾಖ್ಯಾನ ಅದು. ಹಿರಿಯನಿಗೆ ಹೆಚ್ಚು ಕೊಡುವ ವಿಷಮ ಹಂಚಿಕೆ ಶಾಸ್ತ್ರದಲ್ಲಿ ಕಂಡರೂ ಮಾಡಕೂಡದು, ಯಾಕೆಂದರೆ ಲೋಕ ಅದನ್ನು ದ್ವೇಷಿಸುತ್ತದೆ ಅನ್ನುತ್ತಾನೆ. ಆಧಾರಕ್ಕೆ ಯಾಜ್ಞವಲ್ಕ್ಯನ ಮಾತನ್ನೇ ತರುತ್ತಾನೆ: ಲೋಕವಿದ್ವಿಷ್ಟವಾದದ್ದನ್ನು, ಧರ್ಮವೇ ಆಗಿದ್ದರೂ, ಆಚರಿಸಬೇಡ. ಉದಾಹರಣೆ ಕೇಳಿ. ಶ್ರೋತ್ರಿಯ, ಅಂದರೆ ವೇದ ಕಲಿತ, ಅತಿಥಿ ಬಂದರೆ ದೊಡ್ಡ ಎತ್ತನ್ನೋ ದೊಡ್ಡ ಹೋತವನ್ನೋ ಒದಗಿಸಬೇಕು ಎಂಬ ವಿಧಿ ಇದೆ, ಅದನ್ನು ಹೇಗೆ ಯಾರೂ ಮಾಡುವುದಿಲ್ಲವೋ ಹಾಗೆಯೇ ಇದೂ ಅಂತ. ವಕೀಲರು ಕನ್ನಡಕ ಇಳಿಸಿ ‘ನಾಳೆ ನಿಮ್ಮನಿಗೆ ಬರ್ತೀನಿ. ಶಾಸ್ತ್ರದ ಪ್ರಕಾರ ಏನು ಮಾಡಿಸ್ತೀರಿ?’ ಎಂದರು. ನಾನು ಉಪ್ಪಿಟ್ಟು ಎನ್ನಲಿಲ್ಲ, ಬಾಯೇ ಬರಲಿಲ್ಲ.

ಅಷ್ಟು ಕೇಳಿದ ಮೇಲೂ ಬುದ್ಧಿ ಬರಲಿಲ್ಲ. ಶ್ಲೋಕ ಬಿಟ್ಟು ತಾರೀಕು ಹಿಡಿದೆ. ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಗಂಡುಮಕ್ಕಳ ಸಮ ಹಕ್ಕು ಕೊಟ್ಟ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಜಾರಿಯಾದದ್ದು 2005ರ ಸೆಪ್ಟೆಂಬರ್ 9ಕ್ಕೆ. ಅಪ್ಪ ತೀರಿದ್ದು ಜನವರಿಯಲ್ಲಿ. ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಬೇಕು ಎಂದು 2015ರಲ್ಲಿ ಸುಪ್ರೀಂ ಕೋರ್ಟು ಹೇಳಿದಾಗ ಪೇಢೆ ಹಂಚಿದೆ. ಹಾಗಾದರೆ ಹಳೆಯ ಲೆಕ್ಕ: ಅಪ್ಪ ಮತ್ತು ಮೂವರು ಗಂಡುಮಕ್ಕಳಿಗೆ ನಾಲ್ಕು ಪಾಲು, ಅದರಲ್ಲಿ ಅಪ್ಪನ ಕಾಲುಪಾಲಿನಲ್ಲಿ ಕಾಲು, ತಂಗಿಗೆ 1 ಎಕರೆ 10 ಗುಂಟೆ. ಅಪ್ಪ ಬೇಗ ಸತ್ತದ್ದು ಲಾಭ ಎಂದು ಸಂತೋಷಪಟ್ಟ ಮಗ ನಾನು. ಆ ರಾತ್ರಿ ನನ್ನ ಹೆಂಡತಿ ನನ್ನ ಜೊತೆ ಮಾತಾಡಲಿಲ್ಲ.

2019ರ ಆಗಸ್ಟಿನಲ್ಲಿ ಕೃಷ್ಣಾ ಉಕ್ಕಿ ಬಂತು. ನಾನು ಉತ್ತಮವಾದದ್ದು ಎಂದು ಆರಿಸಿದ್ದ ಬಾವಿ ಹೊಲವೇ ಮೊದಲು ಮುಳುಗಿತು. ಬಾವಿಯ ತುಂಬ ರಾಡಿ. 2020ರ ಆಗಸ್ಟ್ 11ಕ್ಕೆ ಸುಪ್ರೀಂ ಕೋರ್ಟು, ವಿನೀತಾ ಶರ್ಮಾ ಪ್ರಕರಣದಲ್ಲಿ, ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಬೇಕಾಗಿಲ್ಲ ಎಂದಿತು. 2021ರಲ್ಲಿ ಲೋಕ ಅದಾಲತ್‌ನಲ್ಲಿ ರಾಜಿಯಾದೆವು. ನಾಲ್ವರಿಗೂ 5 ಎಕರೆ.

ಈಗ ನಿಮ್ಮ ಪ್ರಶ್ನೆಗೆ. ಶಾಸ್ತ್ರ ಪಾಲಿಸಬೇಕೋ ಕಾಯ್ದೆ ಪಾಲಿಸಬೇಕೋ ಎಂದು ಕೇಳಿದ್ದೀರಿ. ಆ ಪ್ರಶ್ನೆಯೇ ಸರಿಯಿಲ್ಲ. ಕಾಯ್ದೆ ಮಟ್ಟಿಗೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 4ನೇ ಕಲಂ ನೋಡಿ. ಆ ಕಾಯ್ದೆ ಹೇಳುವ ವಿಷಯದಲ್ಲಿ ಹಳೆಯ ಗ್ರಂಥ, ರೂಢಿ ಯಾವುದೂ ನಡೆಯುವುದಿಲ್ಲ. ಅಲ್ಲಿಗೆ ಆಯಿತು. ಶಾಸ್ತ್ರದ ಮಟ್ಟಿಗೆ, ನೀವು ಪಾಲಿಸುತ್ತಿರುವುದು ಶಾಸ್ತ್ರವಲ್ಲ, ಅದರ ಒಂದು ಸಾಲು. ಇದ್ದದ್ದು ಇದ್ದ ಹಾಗೆ ಪಾಲಿಸುತ್ತೇನೆ ಅನ್ನುವವರನ್ನು ನಾನು ಬಹಳ ಕಂಡಿದ್ದೇನೆ, ಕನ್ನಡಿಯಲ್ಲೂ ಕಂಡಿದ್ದೇನೆ. ಅವರಲ್ಲಿ ಒಬ್ಬರೂ ತಮ್ಮ ಕಿಸೆಗೆ ಕತ್ತರಿ ಹಾಕುವ ಶ್ಲೋಕದಿಂದ ಶುರುಮಾಡಿದ್ದಿಲ್ಲ. ಒಂಬೈನೂರು ವರ್ಷದ ಹಿಂದೆ ವಿಜ್ಞಾನೇಶ್ವರನಿಗೇ ಬೇಡವಾದ ಪಾಲನ್ನು ನೀವು ಯಾವ ಬಾಯಿಂದ ಕೇಳುತ್ತೀರಿ?

ನಿಮಗೆ ಅಕ್ಕನೋ ತಂಗಿಯೋ ಇದ್ದಾರೆಯೇ ಎಂದು ಪ್ರಶ್ನೆಯಲ್ಲಿ ಬರೆದಿಲ್ಲ. ಬರೆಯದೆ ಇರುವುದನ್ನು ನೋಡಿದರೆ ಇದ್ದಾರೆ ಅಂತಲೇ ಅನ್ನಿಸುತ್ತದೆ. ವಾರಸಾ ಅರ್ಜಿಯಲ್ಲಿ ಅವರ ಹೆಸರು ಮೊದಲು ಬರೆಸಿ, ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಬಂದಿದೆಯೇ ನೋಡಿಕೊಳ್ಳಿ, ಆಮೇಲೆ ವಾಟ್ನಿಗೆ ಕೂರಿ.

ಬಾವಿ ಹೊಲ ಚೀಟಿ ಎತ್ತಿದಾಗ ತಂಗಿಗೆ ಹೋಯಿತು. ರಾಡಿ ತೆಗೆಸಿದ್ದಾಳೆ, ಸಣ್ಣ ತಮ್ಮ ಲಾವಣಿಗೆ (ಗೇಣಿಗೆ) ಮಾಡುತ್ತಾನೆ. ನನ್ನ ಕಬ್ಬಿಗೆ ನೀರು ಬೇಕಾದಾಗ ಅವಳಿಗೇ ಫೋನ್ ಮಾಡಬೇಕು. ‘ತಗೋ ಅಣ್ಣಾ’ ಅನ್ನುತ್ತಾಳೆ. ಮೋಟರ್ ಸುಟ್ಟರೆ ವೈಂಡಿಂಗ್ ಖರ್ಚು ನನ್ನದು ಎಂದು ಸಣ್ಣ ತಮ್ಮ ನನ್ನಿಂದ ಕಾಗದದಲ್ಲಿ ಬರೆಸಿಕೊಂಡಿದ್ದಾನೆ.