ಮಿಶಿಗನ್ನಿಗೆ ಹೊರಟ ತಂಗಿಗೆ

ನೋಡ್ರಿ ತಂಗಿ, ನೀವು ಕೇಳಿದ್ದು ಇಷ್ಟು. ಯಜಮಾನರು ಬ್ಯಾಂಕಿನ ಕೆಲಸದಿಂದ ನಿವೃತ್ತರಾದರು, ಅಮೆರಿಕದ ಮಿಶಿಗನ್ ರಾಜ್ಯದ ನೋವೈ ಊರಿನಲ್ಲಿರುವ ಮಗಳು ಬಾ ಬಾ ಅಂತ ಕರೆಯುತ್ತಿದ್ದಾಳೆ. ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ವಯಸ್ಸಾದ ಗಂಡ ಹೆಂಡತಿ ಆ ಮನೆಯಲ್ಲಿ ದಿನವಿಡೀ ಏನು ಮಾಡಬೇಕು? "ಅಲ್ಲಿ ಹೊತ್ತೇ ಹೋಗಂಗಿಲ್ಲ ಅಂತ ಎಲ್ಲಾರೂ ಹೇಳ್ತಾರ, ನಿಮಗ ಹ್ಯಾಂಗ ಹೋಗ್ತದ್ರಿ ಅಕ್ಕಾರ?" ಎಂದು ಕೇಳಿದ್ದೀರಿ. ನಾನು ಕಲಬುರಗಿಯ ಬ್ರಹ್ಮಪುರದಲ್ಲಿ ಹುಟ್ಟಿ ಬೆಳೆದವಳು. ಮಿಶಿಗನ್ನಿನ ಆನ್ ಆರ್ಬರ್ ಹತ್ತಿರ ನೆಲೆಸಿ, ಮಕ್ಕಳನ್ನು ಅಲ್ಲೇ ಬೆಳೆಸಿ, ಈಗ ಮನೆಯಲ್ಲಿ ನಾವಿಬ್ಬರೇ ಇದ್ದೇವೆ. ಚಳಿ ಬಲಿಯುವ ಹೊತ್ತಿಗೆ ಕಲಬುರಗಿಗೆ ಬಂದುಬಿಡುತ್ತೇವೆ. ಈಗಲೂ ಇಲ್ಲಿಂದಲೇ ಬರೆಯುತ್ತಿದ್ದೇನೆ.

ಮೊದಲು ಹೋಗುವ ಕಾಲದ ಮಾತು. ಸಂದರ್ಶಕರ ವೀಸಾದಲ್ಲಿ ಹೋದವರಿಗೆ ಸಾಮಾನ್ಯವಾಗಿ ಒಮ್ಮೆಗೆ 6 ತಿಂಗಳವರೆಗೆ ಇರಲು ಬಿಡುತ್ತಾರೆ. ಆ ಆರು ತಿಂಗಳು ಮೇ ಮೊದಲ ವಾರದಲ್ಲಿ ಶುರುವಾಗುವಂತೆ ಟಿಕೆಟ್ ಮಾಡಿಸಿರಿ. ನಮ್ಮೂರಲ್ಲಿ ಬಿಸಿಲು 42 ಡಿಗ್ರಿ ದಾಟುವಾಗ ಅಲ್ಲಿ ಮರಗಳು ಚಿಗುರುತ್ತಿರುತ್ತವೆ. ಅಕ್ಟೋಬರ್ ಕೊನೆಗೆ ಎಲೆ ಉದುರುವುದನ್ನೂ ನೋಡಿಕೊಂಡು, ಹಿಮ ಹಿಡಿಯುವ ಮೊದಲು ತಿರುಗಿ ಬರಬಹುದು. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವುದೂ ತಪ್ಪುವುದಿಲ್ಲ. ಮಕ್ಕಳ ರಜೆ ನೋಡಿ ಬಹಳ ಮಂದಿ ನವೆಂಬರಿನಲ್ಲಿ ಹೋಗುತ್ತಾರೆ. ಆಗ ಸಂಜೆ ಐದೂಕಾಲಿಗೆಲ್ಲ ಕತ್ತಲು, ದಾರಿಯ ಮೇಲೆ ಜಾರುವ ಐಸು, ಹೊರಗೆ ಕಾಲಿಡಲು ಭಯ. ಹೊತ್ತು ಹೋಗುವುದಿಲ್ಲ ಎಂದು ನಿಮಗೆ ಹೇಳಿದವರು ಯಾವ ತಿಂಗಳಲ್ಲಿ ಹೋಗಿದ್ದರು, ಕೇಳಿ ನೋಡಿ.

ಇನ್ನೊಂದು, ಬೀಗರ ಹಾಗೆ ಹೋಗಿ ಕೂರಬೇಡಿ. ಮಗಳ ಮನೆಯ ಒಂದಿಷ್ಟು ಕೆಲಸ ನಮ್ಮದು ಎಂದು ಮೊದಲ ವಾರವೇ ಹಿಡಿದುಬಿಡಿ. ನಿಮಗೆ ಅಡಿಗೆಮನೆ ತಾನಾಗಿ ಸಿಗುತ್ತದೆ. ಯಜಮಾನರಿಗೆ ಏನು ಸಿಗುತ್ತದೆ? ಇಡೀ ಜೀವಮಾನ ದುಡಿದ ಮನುಷ್ಯ ಸೋಫಾದ ಮೇಲೆ ಫೋನು ಹಿಡಿದು ಊರ ಸುದ್ದಿ ನೋಡುತ್ತಾ ಬಾಡುವುದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ನನಗೆ ಬಹಳ ಸಂಕಟವಾಗುತ್ತದೆ. ಅವರ ಕೈಗೆ ಕೆಲಸ ಕೊಡಿ. ಆ ಮನೆಯಲ್ಲಿ ಅದಕ್ಕೆ ಬರವಿಲ್ಲ.

ಯಾಕೆಂದರೆ ಅಲ್ಲಿಯ ಮನೆಯೇ ಬೇರೆ. ನಮ್ಮ ಬ್ರಹ್ಮಪುರದ ಮನೆ ಕಲ್ಲಿನದು, ನೆಲಕ್ಕೆ ಶಹಾಬಾದಿನ ಫರ್ಸಿ. ಬಿಸಿಲನ್ನು ಹೊರಗಿಡಲಿ ಎಂದು ಗೋಡೆಯನ್ನು ಅಷ್ಟು ದಪ್ಪ ಕಟ್ಟಿದ್ದಾರೆ. ದೀಪಾವಳಿಗೊಮ್ಮೆ ಸುಣ್ಣ ಬಳಿದರೆ, ಸೋರಿದಾಗ ಗೌಂಡಿಯನ್ನು ಕರೆದರೆ ಮುಗಿಯಿತು. ಮಿಶಿಗನ್ನಿನ ಮನೆ ಕಟ್ಟಿಗೆಯ ಚೌಕಟ್ಟಿನದು. ಸಾಮಾನ್ಯವಾಗಿ 16 ಇಂಚಿಗೊಂದರಂತೆ ಕಟ್ಟಿಗೆ ಕಂಬ ನಿಲ್ಲಿಸಿ, ಒಳಗಡೆಗೆ ಜಿಪ್ಸಮ್ ಹಲಗೆ ಬಡಿದು, ನಡುವೆ ಶಾಖ ತಡೆಯುವ ನಾರು ತುಂಬಿರುತ್ತಾರೆ. ಒಂದು ಭಾರದ ಫೋಟೋ ತೂಗುಹಾಕಬೇಕೆಂದರೂ ಹಿಂದೆ ಕಂಬ ಎಲ್ಲಿದೆ ಎಂದು ಹುಡುಕಿ ಅದಕ್ಕೇ ಮೊಳೆ ಹೊಡೆಯಬೇಕು. ಆ ಮನೆಗೆ ಬಿಸಿಲಿನ ಹೆದರಿಕೆ ಅಷ್ಟಿಲ್ಲ, ಹೆದರಿಕೆ ನೀರಿನದು. ಎಲ್ಲಿಯಾದರೂ ನೀರು ನಿಂತರೆ ಕಟ್ಟಿಗೆ ಕೊಳೆಯುತ್ತದೆ, ಹೆಪ್ಪುಗಟ್ಟಿದರೆ ಪೈಪು ಒಡೆಯುತ್ತದೆ. ಕೂಲಿಯೂ ದುಬಾರಿ, ನುರಿತ ಕೆಲಸಗಾರ ಗಂಟೆ ಲೆಕ್ಕದಲ್ಲಿ ತೆಗೆದುಕೊಳ್ಳುತ್ತಾನೆ. ಹಾಗಾಗಿ ಡಾಕ್ಟರ್ ಇರಲಿ, ಪ್ರೊಫೆಸರ್ ಇರಲಿ, ಶನಿವಾರ ಬೆಳಿಗ್ಗೆ ಸುತ್ತಿಗೆ ಹಿಡಿದಿರುತ್ತಾರೆ. ಈ ಒಂದು ವಿಷಯದಲ್ಲಿ ಆ ದೇಶದ ಮೇಲೆ ನನಗೆ ತುಂಬ ಗೌರವ. ಕೈಕೆಲಸಕ್ಕೆ ಅಲ್ಲಿ ಯಾರೂ ನಾಚುವುದಿಲ್ಲ. ಆನ್ ಆರ್ಬರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಪುಸ್ತಕದ ಜೊತೆಗೆ ಮನೆ ರಿಪೇರಿಯ ಸಾಮಾನನ್ನೂ ಎರವಲು ಕೊಡುತ್ತಾರೆ.

ಸೆಪ್ಟೆಂಬರ್ ಬಂತೆಂದರೆ ನಮ್ಮಿಬ್ಬರಿಗೂ ಸುಗ್ಗಿ. ಹಿತ್ತಲ ಕಟ್ಟಿಗೆಯ ಜಗಲಿಗೆ ಬಣ್ಣದೆಣ್ಣೆ ಬಳಿಯುವುದು ಮೊದಲ ಕೆಲಸ. ಕಟ್ಟಿಗೆ ಚೆನ್ನಾಗಿ ಒಣಗಿರಬೇಕು, ರಾತ್ರಿಯೂ 10 ಡಿಗ್ರಿಗಿಂತ ಕೆಳಗೆ ಇಳಿಯಬಾರದು, ಇಲ್ಲದಿದ್ದರೆ ಬಣ್ಣ ಹಿಡಿಯುವುದಿಲ್ಲ. ಆದ್ದರಿಂದ ಅಕ್ಟೋಬರಿಗೆ ತಳ್ಳಬಾರದು. ನಮ್ಮವರು ಉಜ್ಜುತ್ತಾ ಹೋಗುತ್ತಾರೆ, ನಾನು ಹಿಂದಿನಿಂದ ಬಳಿಯುತ್ತಾ ಬರುತ್ತೇನೆ. ಮಕ್ಕಳು ಓದುತ್ತಿದ್ದ ವರ್ಷಗಳಲ್ಲಿ ನಾವಿಬ್ಬರು ಕೂತು ಮಾತಾಡಿದ್ದು ಕಡಿಮೆ. ಅವರ ಪಾಳಿ ಒಂದು ಕಡೆ, ನನ್ನ ಕೆಲಸ ಇನ್ನೊಂದು ಕಡೆ. ಈಗ ಆ ಜಗಲಿಯ ಮೇಲೆ ಮಂಡಿಯೂರಿ ಬಳಿಯುವಾಗ ಅವರು ತಮ್ಮ ಅವ್ವನ ಸುದ್ದಿ ಹೇಳುತ್ತಾರೆ. ಮದುವೆಯಾಗಿ ಇಷ್ಟು ವರ್ಷವಾದರೂ ನಾನು ಕೇಳಿರದ ಸುದ್ದಿಗಳು.

ಆಮೇಲೆ ಕಿಟಕಿ ಸಂದುಗಳಿಗೆ ಅಂಟು ತುಂಬುವುದು, ಮನೆ ಬಿಸಿ ಮಾಡುವ ಯಂತ್ರದ ಫಿಲ್ಟರ್ ಬದಲಿಸುವುದು. ಇವು ಒಂದೇ ಮಧ್ಯಾಹ್ನದ ಕೆಲಸ. ಹೊರಗಿನ ನಲ್ಲಿಯನ್ನು ಮಾತ್ರ ಮರೆಯಬಾರದು. ನೀರು ಹೆಪ್ಪುಗಟ್ಟಿದರೆ ಸುಮಾರು ನೂರಕ್ಕೆ 9ರಷ್ಟು ಹಿಗ್ಗುತ್ತದೆ. ಗಿಡಕ್ಕೆ ನೀರು ಬಿಡುವ ರಬ್ಬರ್ ಪೈಪನ್ನು ನಲ್ಲಿಗೆ ಹಾಗೇ ಬಿಟ್ಟರೆ ಒಳಗೆ ನಿಂತ ನೀರು ಐಸಾಗಿ ಗೋಡೆಯೊಳಗಿನ ಕೊಳವೆಯನ್ನೇ ಸೀಳಬಹುದು. ಪೈಪು ಬಿಚ್ಚಿ, ಒಳಗಿನ ವಾಲ್ವು ಮುಚ್ಚಿ, ಹೊರಗಿನ ನಲ್ಲಿ ತೆರೆದು ನೀರು ಬಸಿಯಬೇಕು. ನಿಮ್ಮ ಅಳಿಯನಿಗೆ ನೆನಪು ಮಾಡುವ ಕೆಲಸವನ್ನು ಯಜಮಾನರೇ ವಹಿಸಿಕೊಳ್ಳಲಿ. ಇನ್ನು ಸೂರಿನ ಅಂಚಿನಲ್ಲಿ ಮಳೆನೀರು ಹರಿಯುವ ದೋಣಿಯಲ್ಲಿ ಎಲೆ ತುಂಬಿಕೊಳ್ಳುತ್ತದೆ, ಅದನ್ನು ತೆಗೆಯಲೇಬೇಕು. ಆದರೆ ನಿಮ್ಮ ಯಜಮಾನರನ್ನು ಏಣಿ ಹತ್ತಿಸಬೇಡಿ. ನಮ್ಮವರು ಹತ್ತುತ್ತಿದ್ದರು, ನಾನು ಕೆಳಗೆ ಹಿಡಿದು ನಿಲ್ಲುತ್ತಿದ್ದೆ. ಈಗ ಅದಕ್ಕೆ ಆಳು ಕರೆಯುತ್ತೇವೆ. ಈ ವಯಸ್ಸಿನಲ್ಲಿ ಬಿದ್ದು ಸೊಂಟ ಮುರಿದುಕೊಂಡರೆ ಉಳಿಸಿದ ದುಡ್ಡಿನ ಎಷ್ಟೋ ಪಟ್ಟು ಖರ್ಚು. ಪ್ರವಾಸಿ ವಿಮೆ ಮಾಡಿಸದೆ ವಿಮಾನ ಹತ್ತಬೇಡಿ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಕರಿಬೇವಿನ ಗಿಡದ ವಿಷಯ ನನಗೆ ಬಲು ಪ್ರೀತಿಯದು. ಮಗಳ ಮನೆಯಲ್ಲಿ ಒಂದು ಕುಂಡ ಇದ್ದರೆ ಅದು ನಿಮ್ಮ ಪಾಲಿನದು. ಬೇಸಿಗೆಯಲ್ಲಿ ಹೊರಗೆ ಹುಲುಸಾಗಿ ಬೆಳೆಯುತ್ತದೆ. ರಾತ್ರಿ ಥಂಡಿ 10 ಡಿಗ್ರಿಯ ಹತ್ತಿರ ಬಂತೆಂದರೆ ಒಳಗೆ ತರಬೇಕು, ಒಂದು ರಾತ್ರಿಯ ಇಬ್ಬನಿ ಹೆಪ್ಪುಗಟ್ಟಿದರೂ ಎಲೆಯೆಲ್ಲ ಕಪ್ಪಾಗುತ್ತದೆ. ತರುವ ಮೊದಲು ಎಲೆಯ ಎರಡೂ ಬದಿ ತೊಳೆಯಿರಿ, ಇಲ್ಲವಾದರೆ ಹುಳವೂ ಒಳಗೆ ಬರುತ್ತದೆ. ದಕ್ಷಿಣಕ್ಕಿರುವ ಕಿಟಕಿಯ ಹತ್ತಿರ ಇಟ್ಟು ನೀರು ಕಡಿಮೆ ಮಾಡಿ. ಚಳಿಯಲ್ಲಿ ಅದು ಎಲೆ ಉದುರಿಸಿ ಸತ್ತಂತೆ ನಿಲ್ಲಬಹುದು. ಮಗಳಿಗೆ ಹೇಳಿ ಬನ್ನಿ, ಕಿತ್ತೆಸೆಯಬಾರದು, ಬಿಸಿಲು ಬಲಿತಾಗ ಮತ್ತೆ ಚಿಗುರುತ್ತದೆ. ಅಕ್ಟೋಬರಿನಲ್ಲೇ ಹಿತ್ತಲಲ್ಲಿ ಬೆಳ್ಳುಳ್ಳಿ ಎಸಳು ಊರಿ ಮೇಲೆ ಒಣಗಿದ ಎಲೆ ಹೊದಿಸಿದರೆ, ಹಿಮದಡಿಯಲ್ಲಿ ಮಲಗಿದ್ದು ಮುಂದಿನ ಜುಲೈಗೆ ಗಡ್ಡೆಯಾಗಿರುತ್ತದೆ. ನೀವು ಮರುವರ್ಷ ಹೋದಾಗ ನೀವು ಹಾಕಿದ ಬೆಳ್ಳುಳ್ಳಿಯಲ್ಲೇ ಶೇಂಗಾ ಹಿಂಡಿ ಕುಟ್ಟಬಹುದು.

ಇನ್ನು ತಿರುಗಾಟ. ನಮ್ಮ ಕಡೆ ಎಲೆ ಉದುರುವುದು ಶಿವರಾತ್ರಿಯ ಆಚೀಚೆ, ನೆಲ ಒಣಗಿ ಬಿಸಿಲು ಏರುವಾಗ. ಅಲ್ಲಿ ಹಗಲು ಮೋಟಾಗಿ ಚಳಿ ಇಳಿಯುವಾಗ ಉದುರುತ್ತದೆ. ಉದುರುವ ಮೊದಲು ಹಸಿರು ಬಸಿದುಹೋಗಿ, ಎಲೆಯೊಳಗೆ ಅಡಗಿದ್ದ ಹಳದಿ ಕಾಣುತ್ತದೆ. ಮೇಪಲ್ ಮರದ ಕೆಂಪು ಮಾತ್ರ ಆಗಷ್ಟೇ ಹೊಸದಾಗಿ ಹುಟ್ಟುವ ಬಣ್ಣ. ಹಗಲು ಬಿಸಿಲು, ರಾತ್ರಿ ಚಳಿ ಇದ್ದ ವರ್ಷ ಅದು ಹೆಚ್ಚು ಏರುತ್ತದೆ. ಮೊದಲ ಸಲ ನೋಡಿದಾಗ ನನಗೆ ನೆನಪಾಗಿದ್ದು ಮುತ್ತುಗದ ಹೂವು. ಚಿಂಚೋಳಿ ಕಡೆಯ ಕಾಡಿನಲ್ಲಿ ಎಲೆಯಿಲ್ಲದ ಮರದ ಮೇಲೆ ಹೂ ಉರಿಯುತ್ತದಲ್ಲ, ಹಾಗೆ ಒಂದು ಇಡೀ ಗುಡ್ಡ.

ಬಣ್ಣ ಬಡಗಣದಿಂದ ಇಳಿದು ಬರುತ್ತದೆ. ಸೆಪ್ಟೆಂಬರ್ ಕೊನೆಗೆ ಮಿಶಿಗನ್ನಿನ ಮೇಲಿನ ಭಾಗದಲ್ಲಿ ಶುರುವಾಗಿ, ಅಕ್ಟೋಬರ್ ನಡುವಿಗೆ ನಮ್ಮ ಡೆಟ್ರಾಯಿಟ್ ಸುತ್ತಮುತ್ತ ತಲುಪುತ್ತದೆ. ಆದ್ದರಿಂದ ಮೊದಲು ಉತ್ತರಕ್ಕೆ ಹೋಗಿ, ಆಮೇಲೆ ಮನೆ ಹತ್ತಿರ ನೋಡಿದರೆ ಒಂದೇ ಋತು ಎರಡು ಸಲ ಸಿಕ್ಕಂತೆ. ನಿವೃತ್ತರಿಗಿರುವ ದೊಡ್ಡ ಸೌಕರ್ಯ ಏನೆಂದರೆ ಮಂಗಳವಾರ, ಬುಧವಾರ ಹೋಗಬಹುದು. ಶನಿವಾರ, ರವಿವಾರ ಎಲ್ಲೆಲ್ಲೂ ಕಾರುಗಳ ಸಾಲು.

ಉತ್ತರಕ್ಕೆ ಮಗಳು ಒಮ್ಮೆ ಕರೆದುಕೊಂಡು ಹೋಗಲಿ. ದಾರಿಯಲ್ಲಿ 1957ರಲ್ಲಿ ತೆರೆದ ಮ್ಯಾಕಿನಾ ಸೇತುವೆ ಇದೆ, ಸುಮಾರು 8 ಕಿಲೋಮೀಟರ್ ಉದ್ದ, ಒಂದು ಬದಿಗೆ ಮಿಶಿಗನ್ ಸರೋವರ, ಇನ್ನೊಂದು ಬದಿಗೆ ಹ್ಯೂರಾನ್. ಅದರ ಪಕ್ಕದ ಮ್ಯಾಕಿನಾ ದ್ವೀಪದಲ್ಲಿ 1898ರಿಂದ ಮೋಟಾರು ಗಾಡಿಗೆ ಪ್ರವೇಶವಿಲ್ಲ. ದೋಣಿ ಇಳಿದರೆ ಕುದುರೆಗಾಡಿ, ಸೈಕಲ್ಲು ಅಷ್ಟೇ. ನಮ್ಮವರು ಆ ಗೊರಸಿನ ಸಪ್ಪಳ ಕೇಳಿ ರಸ್ತೆ ಬದಿಯಲ್ಲೇ ನಿಂತುಬಿಟ್ಟರು. ಗುಲಬರ್ಗಾ ಸ್ಟೇಷನ್ನಿನಿಂದ ಟಾಂಗಾದಲ್ಲಿ ಮನೆಗೆ ಬರುತ್ತಿದ್ದ ಹುಡುಗ ಅವರು. ಸೇತುವೆ ದಾಟಿ ಇನ್ನೂ ಮುಂದೆ ಹೋದರೆ ಟಾಕ್ವಾಮೆನನ್ ಜಲಪಾತ. ದೇವದಾರಿನ ಜಾತಿಯ ಮರಗಳಿರುವ ಜೌಗಿನಿಂದ ಬಸಿದು ಬರುವುದರಿಂದ ನೀರು ಚಹಾದ ಬಣ್ಣ. ಸುಮಾರು 50 ಅಡಿ ಎತ್ತರದಿಂದ ಧುಮುಕುತ್ತದೆ. ಮೇಲಿನ ಜಲಪಾತವನ್ನು ನೋಡುವ ಹಾದಿ ಸಮತಟ್ಟಾಗಿದೆ, ಅಲ್ಲಲ್ಲಿ ಬೆಂಚುಗಳಿವೆ. ತೀರ ಕೆಳಗೆ ಇಳಿಯಲು ಮೆಟ್ಟಿಲುಗಳಿವೆ, ಮೊಣಕಾಲು ನೋವಿದ್ದರೆ ಮೇಲಿನಿಂದಲೇ ನೋಡಿ, ಏನೂ ಕಮ್ಮಿಯಾಗದು.

ಹತ್ತಿರದ್ದು ಬೇಕೆಂದರೆ ನೋವೈಗೆ ಸಮೀಪದಲ್ಲೇ ಕೆನ್ಸಿಂಗ್ಟನ್ ಉದ್ಯಾನವಿದೆ, ದೊಡ್ಡ ಕೆರೆಯ ಸುತ್ತ ಕಾಡುಹಾದಿ. ಅಲ್ಲಿ ಚಿಕಡಿ ಎಂಬ ಗುಬ್ಬಿಗಾತ್ರದ ಹಕ್ಕಿಗಳು ಹೆದರದೆ ಹತ್ತಿರಕ್ಕೇ ಬರುತ್ತವೆ. ಸೇಬಿನ ತೋಟಕ್ಕೆ ಹೋದರೆ ನೀವೇ ಕಿತ್ತುಕೊಳ್ಳಬಹುದು. ಗಿಡಗಳು ಗಿಡ್ಡ, ಕೈಗೆಟುಕುತ್ತವೆ. ಡೆಕ್ಸ್‌ಟರ್ ಊರಿನ ಸೇಬಿನ ಗಾಣ 1886ರಿಂದ ನಡೆದುಬಂದದ್ದು. ಸೋಸದ ಸೇಬಿನ ರಸ, ಬಿಸಿ ಡೋನಟ್, ಹೊರಗೆ ಹ್ಯೂರಾನ್ ಹೊಳೆ. ಅದರ ದಂಡೆಯಲ್ಲಿ ನಾವು ಖಡಕ್ ರೊಟ್ಟಿಯ ಗಂಟು ಬಿಚ್ಚುತ್ತೇವೆ. ಎಲ್ಲಿ ಹೋದರೂ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಫ್ಲಾಸ್ಕಿನಲ್ಲಿ ಚಹಾ. ನಮ್ಮ ವಯಸ್ಸಿನವರು ಕೇಳಲು ಸಂಕೋಚಪಡುವ ಮಾತೊಂದಿದೆ: ಹೆದ್ದಾರಿಯುದ್ದಕ್ಕೂ ವಿಶ್ರಾಂತಿ ತಾಣಗಳಿವೆ, ಶೌಚಾಲಯ ಸ್ವಚ್ಛವಾಗಿರುತ್ತದೆ, ದುಡ್ಡು ಕೊಡಬೇಕಿಲ್ಲ.

ದಸರೆಯ ದಿನ ಬನ್ನಿ ಇಲ್ಲವಲ್ಲ ಎಂಬ ಕೊರಗು ನಿಮಗೂ ಆಗುತ್ತದೆ, ನನಗೆ ಇಂದಿಗೂ ಆಗುತ್ತದೆ. ಬನ್ನಿ ಕೊಟ್ಟು "ಬಂಗಾರದಂಗ ಇರೋಣ" ಅನ್ನಲು ಓಣಿಯೇ ಬೇಕು, ಅದಕ್ಕೆ ಅಲ್ಲಿ ಬದಲಿಲ್ಲ. ಅಲ್ಲಿಯ ಕನ್ನಡಿಗರ ಸಂಘವಾದ ಪಂಪ ಕನ್ನಡ ಕೂಟದ ಕಾರ್ಯಕ್ರಮಗಳಿಗೆ ಹೋಗಿ, ನಮ್ಮ ಕಡೆಯವರೂ ಸಿಗುತ್ತಾರೆ, ಬೀದರ್, ಯಾದಗಿರಿಯವರೂ ಇದ್ದಾರೆ.

ಕಡೆಯದಾಗಿ ಪೆಟ್ಟಿಗೆಯ ಮಾತು. ಪುಂಡಿಯ ಬೀಜ, ಗಿಡ, ಹಣ್ಣು ಯಾವುದನ್ನೂ ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲಿ ತಡೆಯುತ್ತಾರೆ. ಪುಂಡಿಪಲ್ಯ ಅಲ್ಲಿಯ ಅಂಗಡಿಗಳಲ್ಲೇ ಸಿಗುತ್ತದೆ. ಜೋಳದ ಹಿಟ್ಟೂ ಸಿಗುತ್ತದೆ, ಆದರೆ ಹಳೆಯದಾದರೆ ಜಿಗಿ ಇರುವುದಿಲ್ಲ, ಬಡಿಯುವಾಗ ಬಿರಿಯುತ್ತದೆ, ಚೀಲದ ಮೇಲಿನ ತಾರೀಖು ನೋಡಿ ಕೊಳ್ಳಿ. ಮಗಳ ಒಲೆ ಯಾವುದೆಂದು ಮೊದಲೇ ಕೇಳಿ. ಗಾಜಿನ ಮೇಲ್ಮೈಯ ಕರೆಂಟ್ ಒಲೆಯಾದರೆ ನಮ್ಮ ಗುಳಿಬಿದ್ದ ಕಬ್ಬಿಣದ ಹಂಚು ಅದರ ಮೇಲೆ ಸರಿಯಾಗಿ ಕಾಯುವುದಿಲ್ಲ, ಎಳೆದಾಡಿದರೆ ಗಾಜಿಗೆ ಗೀರು ಬೀಳುತ್ತದೆ. ತಳ ಸಪಾಟಾಗಿರುವ ಹಂಚನ್ನೇ ನೋಡಿ ತೆಗೆದುಕೊಂಡು ಹೋಗಿರಿ.