ಇಸಿಸಿ ಇದ್ದರೂ ಸ್ಕ್ರಬ್ಬಿಂಗ್ ಏಕೆ?

ಉಪಗ್ರಹದ ಕಂಪ್ಯೂಟರಿನಲ್ಲಿ ಇಸಿಸಿ ಮೆಮೊರಿ (ಓದುವಾಗ ಬಿಟ್ ತಪ್ಪನ್ನು ಸರಿಪಡಿಸುವಂಥದ್ದು) ಇದ್ದ ಮೇಲೆ ಸ್ಕ್ರಬ್ಬಿಂಗ್ (ಮೆಮೊರಿಯನ್ನು ಆಗಾಗ ಓದಿ, ತಿದ್ದಿ ತಿರುಗಿ ಬರೆಯುವುದು) ಏಕೆ ಎಂದು ಕೇಳಿದ್ದೀರಿ. ಖಂಡಿತ ಬೇಕು ಸರ್. 32 ಬಿಟ್ ದತ್ತಾಂಶಕ್ಕೆ 7 ಚೆಕ್ ಬಿಟ್ (ತಪ್ಪು ಹಿಡಿಯುವ ಹೆಚ್ಚುವರಿ ಬಿಟ್) ಸೇರಿಸಿದರೆ ಒಂದು ಬಿಟ್ ತಪ್ಪು ಸರಿಹೋಗುತ್ತದೆ, ಎರಡಾದರೆ ಪತ್ತೆಯಷ್ಟೇ. ಓದುವಾಗ ಪ್ರೊಸೆಸರಿಗೆ ಸರಿಯಾದ ಬೆಲೆ ಸಿಕ್ಕರೂ, ಎಷ್ಟೋ ವಿನ್ಯಾಸಗಳಲ್ಲಿ ಮೆಮೊರಿಯೊಳಗಿನ ತಪ್ಪು ಹಾಗೇ ಉಳಿದಿರುತ್ತದೆ. ಹೀಗೆ ತಪ್ಪು ಉಳಿದು, ತಿಂಗಳುಗಟ್ಟಲೆ ಮುಟ್ಟದ ಪದದಲ್ಲಿ (ಮೆಮೊರಿಯಲ್ಲಿ ಒಟ್ಟಿಗೆ ಓದುವ ಬಿಟ್‌ಗಳ ಗುಂಪು) ವಿಕಿರಣದ ಇನ್ನೊಂದು ಕಣ ಬಡಿದರೆ ತಪ್ಪು ಎರಡಾಗಿ, ಮುಗಿಯಿತು. ಅದಕ್ಕೇ ಪ್ರತಿ ಪದವನ್ನೂ ಸರದಿಯಂತೆ ಓದಿ ತಿರುಗಿ ಬರೆಯಬೇಕು.

ಎಡವುವುದು ಇಲ್ಲೇ: ಓದು–ಬರಹದ ನಡುವೆ ಇಂಟರಪ್ಟ್ (ಪ್ರೊಸೆಸರಿನ ಕೆಲಸ ತಡೆದು ನಡುವೆ ಬರುವ ಕರೆ) ಅಥವಾ ಡಿಎಂಎ (ಪ್ರೊಸೆಸರನ್ನು ಬಿಟ್ಟು ನೇರ ಮೆಮೊರಿಗೆ ಬರೆಯುವ ಹಾರ್ಡ್‌ವೇರ್) ನುಗ್ಗಿ ಹೊಸ ಬೆಲೆ ಬರೆದರೆ, ಸ್ಕ್ರಬ್ಬರ್ ಅದರ ಮೇಲೆ ಹಳೆಯದನ್ನು ಬರೆದುಬಿಡುತ್ತದೆ. ಇಂಟರಪ್ಟ್ ತಡೆದರೆ ಸಾಲದು, ಡಿಎಂಎ ನಿಲ್ಲುವುದಿಲ್ಲ. ಮೆಮೊರಿ ಕಂಟ್ರೋಲರಿನಲ್ಲೇ ಹಾರ್ಡ್‌ವೇರ್ ಸ್ಕ್ರಬ್ಬರ್ ಇದ್ದರೆ ಅದನ್ನೇ ಬಳಸಿ. ಲ್ಯಾಚಪ್‌ಗೆ (ಕಣ ಬಡಿದು ಚಿಪ್ಪಿನಲ್ಲಿ ಶಾರ್ಟ್ ಆದಂತೆ ಕರೆಂಟ್ ಹರಿಯುವುದು) ಮಾತ್ರ ಇದು ಮದ್ದಲ್ಲ; ಅಲ್ಲಿ ಕರೆಂಟ್ ಏರಿದ ಕೂಡಲೇ ವಿದ್ಯುತ್ ಕಡಿಯುವ ಸರ್ಕ್ಯೂಟ್ ಬೇಕು.