ಮೂರು ವಾರದ ಮಗುವಿನಲ್ಲಿ ಮದ್ಯದ ಗುರುತು ಸಿಗುತ್ತದಾ?

ದತ್ತು ತೆಗೆದುಕೊಳ್ಳುತ್ತಿರುವ ಮಗುವಿಗೆ ಮೂರು ವಾರ, ಹೆತ್ತ ತಾಯಿ ಬಸುರಿಯಾಗಿದ್ದಾಗ ಕುಡಿದಿದ್ದರಾ ಅಂತ ಪರೀಕ್ಷೆಯಿಂದ ತಿಳಿಯುತ್ತದಾ ಎಂದು ಕೇಳಿದ್ದೀರಿ. ಸ್ವಲ್ಪ ಮಟ್ಟಿಗೆ ತಿಳಿಯಬಹುದು. ಆದರೆ ಒಳ್ಳೆಯ ಅವಕಾಶ ಹುಟ್ಟಿದ ಮೊದಲ ಎರಡು ಮೂರು ದಿನದಲ್ಲೇ ಮುಗಿದುಹೋಗುತ್ತದೆ.

ಆಗ ಹೋಗುವ ಕಪ್ಪು ಮಲ, ಅಂದರೆ ಮೆಕೋನಿಯಂ, ಗರ್ಭದಲ್ಲೇ ಕೂಡಿಕೊಂಡಿರುತ್ತದೆ. ಮದ್ಯ ಕೊಬ್ಬಿನ ಆಮ್ಲಗಳ ಜೊತೆ ಸೇರಿ ಆಗುವ ಎಥೈಲ್ ಎಸ್ಟರ್‌ಗಳು ಅದರಲ್ಲಿ ಉಳಿಯುತ್ತವೆ. ಬಸಿರಿನ ಕೊನೆಯ ನಾಲ್ಕೈದು ತಿಂಗಳಲ್ಲಿ ಜಾಸ್ತಿ ಕುಡಿದಿದ್ದರೆ ಅದರಿಂದ ಗೊತ್ತಾಗುತ್ತದೆ.

ಈಗ ನೀವು ಕೇಳಬೇಕಾದ್ದು ಒಂದೇ: ಹುಟ್ಟಿದ ಮೊದಲ ದಿನಗಳಲ್ಲಿ ಮಗುವಿನ ಹಿಮ್ಮಡಿ ಚುಚ್ಚಿ ತೆಗೆದ ರಕ್ತದ ಒಣ ಚುಕ್ಕೆಯ ಕಾರ್ಡ್ ಆಸ್ಪತ್ರೆಯಲ್ಲಿ ಉಳಿದಿದೆಯಾ? ಅದರಲ್ಲಿ ಫಾಸ್ಫಾಟಿಡೈಲ್ ಎಥನಾಲ್, ಅಂದರೆ ಮದ್ಯ ಇದ್ದಾಗ ಮಾತ್ರ ರಕ್ತದಲ್ಲಿ ಆಗುವ ಒಂದು ವಸ್ತು, ಹುಡುಕಬಹುದು. ಅದು ಹೆರಿಗೆಗೆ ಮುಂಚಿನ ಕೆಲವು ವಾರಗಳ ಕುಡಿತವನ್ನಷ್ಟೇ ತೋರಿಸುತ್ತದೆ.

ಬಸಿರಿನ ಮೊದಲ ಮೂರು ತಿಂಗಳ ಕುಡಿತ ಇವೆರಡರಲ್ಲೂ ಸಿಗುವುದಿಲ್ಲ. ಮಗುವಿನ ಮುಖ ಮೂಡುವ ಕಾಲವೇ ಅದು, ನನಗೆ ಬೇಸರ ತರಿಸುವುದೂ ಇದೇ. ಹಾಗಾಗಿ ನೆಗೆಟಿವ್ ಬಂತು ಅಂತ ಸುಮ್ನೆ ಕೂರಬೇಡಿ. ಪಾಸಿಟಿವ್ ಬಂದರೆ ಮದ್ಯ ತಗುಲಿದೆ ಅಂತ ಅರ್ಥ, ಮಗುವಿಗೆ ತೊಂದರೆಯಾಗಿದೆ ಅಂತಲ್ಲ. ಮಕ್ಕಳ ಡಾಕ್ಟರಿಗೆ ಅನುಮಾನ ನೇರವಾಗಿ ಹೇಳಿ. ತಲೆಯ ಸುತ್ತಳತೆ, ಬೆಳವಣಿಗೆ, ಮೂಗು-ತುಟಿ ನಡುವಿನ ಗೆರೆ ಅವರು ನೋಡುತ್ತಾರೆ. ತಾಯಿಯನ್ನು ಯಾರಾದರೂ ಬೈಯದೆ, ಮೆತ್ತಗೆ ಕೇಳಿದರೆ ಲ್ಯಾಬಿಗಿಂತ ಜಾಸ್ತಿ ತಿಳಿಯಬಹುದು.